ಗಂಟೆ ಎಷ್ಟು ಸಲ ಬಾರಿಸಬೇಕು?

ಕಳೆದ ತಿಂಗಳು ಒಂದು ಸಂಜೆ ತರಕಾರಿ ಚೀಲ ಹಿಡಿದು ಮನೆಗೆ ಬರುವಷ್ಟರಲ್ಲಿ ಎದುರುಮನೆಯ ಹುಡುಗ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ನಮ್ಮ ಜಗಲಿಯಲ್ಲಿ ಕೂತಿದ್ದ. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ. ವಾರದಲ್ಲಿ ಮೂರು ದಿನ ಮೈಸೂರಿನ ಒಂಟಿಕೊಪ್ಪಲಿನ ಮನೆಯಿಂದಲೇ ದುಡಿಯುತ್ತಾನೆ. "ಸಾರ್, ಮೀಟಿಂಗಲ್ಲಿ ನನ್ನ ಮಾತು ಕಟ್ಟಾಗಿ ಕಟ್ಟಾಗಿ ಕೇಳ್ತಿದೆಯಂತೆ. ಲೈನು ನೂರು ಎಂಬಿಪಿಎಸ್ಸು, ಅದರಲ್ಲೇನೂ ತೊಂದರೆ ಇಲ್ಲ. ಫ್ರೆಂಡೊಬ್ಬ ಇಂಟರಪ್ಟ್ ಮಾಡರೇಷನ್ ಆಫ್ ಮಾಡು ಅಂದ. ಮಾಡಿದೀನಿ. ಆದ್ರೂ ಹಂಗೇ ಇದೆ. ಏನು ಸಾರ್ ಅದು?" ಎಂದ.

ಈ ಪ್ರಶ್ನೆ ನನಗೆ ಹೊಸದಲ್ಲ. ಅಂಕಣ ಓದಿ ಬರೆಯುವವರಲ್ಲಿ ವರ್ಷಕ್ಕೆ ನಾಲ್ಕೈದು ಮಂದಿಯಾದರೂ ಇದನ್ನೇ ಕೇಳುತ್ತಾರೆ. ಆನ್‌ಲೈನ್ ಆಟ ಆಡುವ ಮಕ್ಕಳು, ಷೇರು ವಹಿವಾಟು ಮಾಡುವವರು, ಕಂಪ್ಯೂಟರ್ ರಿಪೇರಿ ಅಂಗಡಿಯವರು. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಹುಡುಕಿ, 'ಅಡ್ವಾನ್ಸ್ಡ್' ಎಂಬ ಪುಟ ತೆರೆದರೆ 'ಇಂಟರಪ್ಟ್ ಮಾಡರೇಷನ್' ಎಂಬ ಸಾಲು ಸಿಗುತ್ತದೆ. ಇಂಟೆಲ್ ಕಾರ್ಡಾದರೆ ಅದರ ಪ್ರಮಾಣ ಹೇಳುವ ಇನ್ನೊಂದು ಸಾಲೂ ಇರುತ್ತದೆ: ಆಫ್, ಮಿನಿಮಲ್, ಲೋ, ಮೀಡಿಯಂ, ಹೈ, ಎಕ್ಸ್‌ಟ್ರೀಮ್, ಅಡಾಪ್ಟಿವ್. ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ ಅಡಾಪ್ಟಿವ್ ಎಂದೇ ಇಟ್ಟಿರುತ್ತಾರೆ. ಆ ಒಂದು ಪದದ ಹಿಂದೆ ಎಷ್ಟು ವಿವೇಚನೆ ಕೂತಿದೆ ಎಂದು ಗೊತ್ತಾದರೆ ಯಾರೂ ಅವಸರದಲ್ಲಿ ಅದನ್ನು ಆಫ್ ಮಾಡುವುದಿಲ್ಲ ಎಂಬುದು ನನ್ನ ನಂಬಿಕೆ. ಅದಕ್ಕಾಗಿ ಈ ವಾರ ಇದೇ ವಿಷಯ.

ಮೊದಲು ಇಂಟರಪ್ಟ್. ನಮ್ಮ ಬಡಾವಣೆಯ ಹೆಸರು ಕನ್ನಡನಾಡಿನ ಮನೆಮನೆಗೆ ಗೊತ್ತಿರುವುದು ಒಂಟಿಕೊಪ್ಪಲ್ ಪಂಚಾಂಗದಿಂದ. ಪಂಚಾಂಗದ ಗಣಿತ ಹಾಕುತ್ತ ಕುಳಿತವರೊಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳಿ. ತಿಥಿಯ ಘಳಿಗೆ, ವಿಘಳಿಗೆ ಕೂಡಿಸುತ್ತಿರುವ ಹೊತ್ತಿಗೆ ಯಾರೋ ಬಾಗಿಲು ಬಡಿಯುತ್ತಾರೆ. ಲೆಕ್ಕ ಎಲ್ಲಿಗೆ ಬಂದಿತ್ತೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಬೇಕು, ಏಳಬೇಕು, ಬಾಗಿಲು ತೆಗೆಯಬೇಕು, ಬಂದವರನ್ನು ಮಾತಾಡಿಸಿ ಕಳಿಸಬೇಕು, ಮತ್ತೆ ಬಂದು ಕೂತು ಗುರುತು ಹುಡುಕಿ, ದಶಕ ಎಷ್ಟಿತ್ತೆಂದು ಜ್ಞಾಪಿಸಿಕೊಂಡು ಮುಂದುವರಿಯಬೇಕು. ಬಂದವರ ಜೊತೆ ಆಡಿದ್ದು ಎರಡೇ ಮಾತು. ಆದರೆ ಏಳುವುದು, ಕೂರುವುದು, ನೆನಪು ಮಾಡಿಕೊಳ್ಳುವುದು ಇವೆಲ್ಲ ಸೇರಿ ಹೊತ್ತು ಕಳೆದುಹೋಗುತ್ತದೆ. ಕಂಪ್ಯೂಟರಿನ ಪ್ರೊಸೆಸರಿಗೆ ಹೊರಗಿನ ಸಾಧನವೊಂದು 'ಇತ್ತ ನೋಡು' ಎಂದು ಕೊಡುವ ಕರೆಯೇ ಇಂಟರಪ್ಟ್. ಪ್ರೊಸೆಸರ್ ಕೂಡ ಮಾಡುತ್ತಿದ್ದ ಕೆಲಸಕ್ಕೆ ಗುರುತಿಟ್ಟು ಏಳಬೇಕು, ಬಂದದ್ದನ್ನು ವಿಚಾರಿಸಬೇಕು, ಮರಳಿ ಬರಬೇಕು. ಒಂದು ಸಲಕ್ಕೆ ಮೈಕ್ರೊಸೆಕೆಂಡುಗಳ ಲೆಕ್ಕ, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೆರಡು ಪಾಲು. ಕೀಲಿಮಣೆಯಿಂದ ಬರುವ ಕರೆಗಳಿಗೆ ಇದು ಲೆಕ್ಕಕ್ಕೇ ಇಲ್ಲ. ನಾವು ಎಷ್ಟೇ ಬೇಗ ಟೈಪ್ ಮಾಡಿದರೂ ಸೆಕೆಂಡಿಗೆ ಹತ್ತು ಅಕ್ಷರ.

ನೆಟ್‌ವರ್ಕ್ ಕಾರ್ಡಿನದು ಬೇರೆಯೇ ಕಥೆ. ಇಂಟರ್ನೆಟ್ಟಿನಿಂದ ಬರುವುದೆಲ್ಲ ಪ್ಯಾಕೆಟ್ಟುಗಳಾಗಿ ಬರುತ್ತದೆ. ದೊಡ್ಡ ಪ್ಯಾಕೆಟ್ ಒಂದಕ್ಕೆ, ತಂತಿಯ ಮೇಲೆ ಬಿಡಬೇಕಾದ ಅಂತರವೂ ಸೇರಿ, 1538 ಬೈಟುಗಳ ಜಾಗ ಬೇಕು. 100 ಎಂಬಿಪಿಎಸ್ ತಂತಿ ತುಂಬಿ ಹರಿದರೆ ಸೆಕೆಂಡಿಗೆ ಸುಮಾರು 8,100 ದೊಡ್ಡ ಪ್ಯಾಕೆಟ್ಟುಗಳು. ಒಂದು ಗಿಗಾಬಿಟ್ ಆದರೆ 81,000. ಪ್ಯಾಕೆಟ್ಟುಗಳು ತೀರಾ ಚಿಕ್ಕವಾದರೆ ಅದೇ ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ 14.88 ಲಕ್ಷ ಬರಬಹುದು. ಒಂದೊಂದು ಪ್ಯಾಕೆಟ್ಟಿಗೂ ಒಂದೊಂದು ಸಲ ಬಾಗಿಲು ಬಡಿದರೆ ಪಂಚಾಂಗದವರು ಆ ವರ್ಷದ ಯುಗಾದಿಯನ್ನೂ ದಾಟಲಾರರು.

ಇದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದವನಲ್ಲ. ಕಣ್ಣಾರೆ ಕಂಡು ಬೆವರಿದವನು. 2001ರ ಸುಮಾರು. ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನ ಹೊಣೆ ನನ್ನ ಮೇಲಿತ್ತು. ನಲವತ್ತು ಯಂತ್ರಗಳು, ಮೂಲೆಯಲ್ಲಿ ಒಂದು ಲಿನಕ್ಸ್ ಸರ್ವರ್, ಎಲ್ಲವನ್ನೂ ಹೆಣೆದ 100 ಎಂಬಿಪಿಎಸ್ ಸ್ವಿಚ್ಚುಗಳು. ಪರೀಕ್ಷೆ ನಡೆಯುತ್ತಿದ್ದ ಬೆಳಿಗ್ಗೆ ಒಂದೇ ಸಲಕ್ಕೆ ನಲವತ್ತು ಪರದೆಗಳೂ ಕಲ್ಲಿನಂತೆ ನಿಂತವು. ಮೌಸ್ ಅಲ್ಲಾಡಿಸಿದರೆ ಬಾಣ ಅಲ್ಲಾಡದು. ಸರ್ವರಿನ ಮುಂದೆ ಕೂತು ಒಂದು ಅಕ್ಷರ ಒತ್ತಿದರೆ ಅದು ಪರದೆಗೆ ಬರಲು ಅರ್ಧ ನಿಮಿಷ. ವೈರಸ್ ಅಂದರು ಒಬ್ಬರು, ಕರೆಂಟಿನ ದೋಷ ಅಂದರು ಇನ್ನೊಬ್ಬರು. ನಾನು ಯಂತ್ರಗಳನ್ನು ಒಂದೊಂದಾಗಿ ಆರಿಸಿ ಹೊತ್ತಿಸಿದೆ. ಹೊತ್ತಿಕೊಂಡವು, ಎರಡು ನಿಮಿಷಕ್ಕೆ ಮತ್ತೆ ಕಲ್ಲಾದವು. ಕೊನೆಗೆ ಸ್ವಿಚ್ಚಿನ ಕಡೆ ಕಣ್ಣು ಹೋಯಿತು. ಅದರ ಹಸಿರು ದೀಪಗಳು ಮಿಣುಕುತ್ತಿರಲಿಲ್ಲ; ಬಿಡುವಿಲ್ಲದೆ ಬಂದ ಪ್ಯಾಕೆಟ್ಟುಗಳಿಂದಾಗಿ ಒಂದೇ ಸಮನೆ ಉರಿಯುತ್ತಿದ್ದವು. ಹಿಂದಿನ ಸಂಜೆ ಗುಡಿಸುವಾಗ ಕೆಳಗೆ ಬಿದ್ದಿದ್ದ ಕೇಬಲ್ಲಿನ ತುದಿಯನ್ನು ಯಾರೋ ಒಳ್ಳೆಯ ಮನಸ್ಸಿನಿಂದಲೇ ಖಾಲಿ ಇದ್ದ ಕಿಂಡಿಗೆ ಸಿಕ್ಕಿಸಿದ್ದರು. ಅದರ ಇನ್ನೊಂದು ತುದಿ ಅದೇ ಸ್ವಿಚ್ಚಿನಲ್ಲಿತ್ತು. ಎಲ್ಲರಿಗೂ ಕೇಳಲೆಂದು ಒಂದು ಯಂತ್ರ ಕೂಗಿದ ಚಿಕ್ಕ ಪ್ಯಾಕೆಟ್ ಆ ಕುಣಿಕೆಯಲ್ಲಿ ಸುತ್ತಿ ಸುತ್ತಿ, ಪ್ರತಿ ಸುತ್ತಿನಲ್ಲೂ ನಲವತ್ತು ಯಂತ್ರಗಳ ಬಾಗಿಲು ಬಡಿಯುತ್ತಿತ್ತು.

ಕೇಬಲ್ ಕಿತ್ತೆ. ಮರುಕ್ಷಣ ನಲವತ್ತು ಪರದೆಗಳೂ ಜೀವ ಪಡೆದವು, ಒಂದನ್ನೂ ಮತ್ತೆ ಹೊತ್ತಿಸಬೇಕಾಗಲಿಲ್ಲ. ಅವು ಕೆಟ್ಟಿರಲೇ ಇಲ್ಲ. ಲೆಕ್ಕ ಹಾಕಿ ನೋಡಿ: 100 ಎಂಬಿಪಿಎಸ್ ತಂತಿಯಲ್ಲಿ ಚಿಕ್ಕ ಪ್ಯಾಕೆಟ್ಟುಗಳು ಸೆಕೆಂಡಿಗೆ 1.48 ಲಕ್ಷ ಬರಬಹುದು. ಆ ಕಾಲದ ಪ್ರೊಸೆಸರ್ ಒಂದೊಂದನ್ನು ವಿಚಾರಿಸಲು ಏಳು ಮೈಕ್ರೊಸೆಕೆಂಡ್ ತೆಗೆದುಕೊಂಡಿತು ಎಂದಿಟ್ಟುಕೊಂಡರೂ ಅಲ್ಲಿಗೆ ಇಡೀ ಸೆಕೆಂಡು ಮುಗಿಯಿತು. ಮೌಸಿನ ಬಾಣ ಸರಿಸುವುದಕ್ಕೂ ಪುರಸೊತ್ತಿಲ್ಲ. ಯಂತ್ರ ಪೂರ್ತಿ ಎಚ್ಚರವಾಗಿದೆ, ಮೈಮುರಿದು ದುಡಿಯುತ್ತಿದೆ, ಆದರೆ ಮಾಡಬೇಕಾದ ಒಂದು ಕೆಲಸವೂ ಆಗುತ್ತಿಲ್ಲ.

ಈ ಸ್ಥಿತಿಗೆ ಎಂಜಿನಿಯರುಗಳು ಕೊಟ್ಟ ಹೆಸರು 'ರಿಸೀವ್ ಲೈವ್‌ಲಾಕ್'. ಇದನ್ನು ಕೂಲಂಕಷವಾಗಿ ಅಳೆದು, ಮದ್ದನ್ನೂ ಹೇಳಿದ ಪ್ರಬಂಧ 1996ರಲ್ಲಿ ಬಂತು. ಬರೆದವರು ಇಬ್ಬರು: ಜೆಫ್ರಿ ಮೊಗಲ್ ಮತ್ತು ಕೆ. ಕೆ. ರಾಮಕೃಷ್ಣನ್. ಈ ರಾಮಕೃಷ್ಣನ್ ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1978ರಲ್ಲಿ ಎಂ.ಟೆಕ್. ಮುಗಿಸಿ ಅಮೆರಿಕಕ್ಕೆ ಹೋದವರು. ನೆಟ್‌ವರ್ಕಿನ ದಟ್ಟಣೆಯನ್ನು ಪ್ಯಾಕೆಟ್ಟಿನಲ್ಲೇ ಒಂದು ಗುರುತು ಹಾಕಿ ಮುಂಚಿತವಾಗಿ ತಿಳಿಸುವ ವಿಧಾನವನ್ನು ರಾಜ್ ಜೈನ್ ಜೊತೆ ರೂಪಿಸಿದವರೂ ಇವರೇ. ರಾಜ್ ಜೈನ್ ಕೂಡ ಅದೇ ಸಂಸ್ಥೆಯಲ್ಲಿ ಓದಿದವರು. ನಮ್ಮ ವಿದ್ಯಾರ್ಥಿಗಳು ಇಂಥ ಹೆಸರುಗಳನ್ನು ಪಠ್ಯಪುಸ್ತಕದ ಅಡಿಟಿಪ್ಪಣಿಯಲ್ಲಿ ದಾಟಿಹೋಗುತ್ತಾರೆ. ನಿಂತು ನೋಡಬೇಕು ಎಂಬುದು ನನ್ನ ಆಸೆ.

ಅವರು ಪರೀಕ್ಷೆಗೆ ಇಟ್ಟದ್ದು ಆಲ್ಫಾ ಪ್ರೊಸೆಸರಿನ ಒಂದು ಯಂತ್ರ. ಒಂದು ತಂತಿಯಿಂದ ಬಂದ ಪ್ಯಾಕೆಟ್ಟನ್ನು ಇನ್ನೊಂದು ತಂತಿಗೆ ದಾಟಿಸುವುದು ಅದರ ಕೆಲಸ. ಆಗಿನ 10 ಎಂಬಿಪಿಎಸ್ ತಂತಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 14,880 ಪ್ಯಾಕೆಟ್ಟುಗಳು ಬರಬಹುದು. ಯಂತ್ರ 4,700ಕ್ಕೆ ತನ್ನ ಗರಿಷ್ಠ ಮುಟ್ಟಿತು. ಪ್ಯಾಕೆಟ್ಟುಗಳನ್ನು ಸೋಸುವ ಒಂದು ತಪಾಸಣೆಯ ಕೆಲಸವನ್ನೂ ಅದಕ್ಕೆ ಹಚ್ಚಿದಾಗ 2,000 ದಾಟುತ್ತಲೇ ಏದುಸಿರು ಬಿಟ್ಟಿತು. ಸೆಕೆಂಡಿಗೆ 6,000 ಬರತೊಡಗಿದಾಗ ಆಚೆ ದಾಟಿದ ಪ್ಯಾಕೆಟ್ಟುಗಳ ಸಂಖ್ಯೆ ಸೊನ್ನೆ. ಕೆಲಸ ಹೆಚ್ಚಾದಾಗ ಫಲ ಅಷ್ಟಕ್ಕೇ ನಿಲ್ಲುವುದನ್ನು ನಾವು ಬಲ್ಲೆವು. ಇಲ್ಲಿ ಫಲವೇ ಇಳಿದು ಇಳಿದು ಇಲ್ಲವಾಯಿತು. ನನ್ನ ಲ್ಯಾಬಿನಲ್ಲಿ ಆದದ್ದೂ ಇದೇ ಎಂದು ಪ್ರಬಂಧ ಓದಿದ ದಿನ ತಿಳಿಯಿತು.

ಮದ್ದೇನು? ನಮ್ಮ ಲಕ್ಷ್ಮೀವೆಂಕಟರಮಣಸ್ವಾಮಿ ದೇವಸ್ಥಾನಕ್ಕೆ ಬನ್ನಿ. ಯಾವುದೇ ದೇವಸ್ಥಾನದಲ್ಲಿ ಭಕ್ತರು ಒಳಗೆ ಕಾಲಿಡುತ್ತಲೇ ಗಂಟೆ ಬಾರಿಸುತ್ತಾರೆ. ಸಾಮಾನ್ಯ ಮಂಗಳವಾರದ ಬೆಳಿಗ್ಗೆ ಹನ್ನೊಂದರ ಹೊತ್ತು, ಗುಡಿ ಖಾಲಿ. ಅರ್ಚಕರು ಹೂವು ಬಿಡಿಸುತ್ತಲೋ ಪಾತ್ರೆ ತೊಳೆಯುತ್ತಲೋ ಇರುತ್ತಾರೆ. ಗಂಟೆ ಕೇಳಿತು, ಕೈ ಒರೆಸಿಕೊಂಡು ಬಂದು ಮಂಗಳಾರತಿ ಮಾಡಿ ತೀರ್ಥ ಕೊಟ್ಟು ಮತ್ತೆ ಹೂವಿನ ಬುಟ್ಟಿಗೆ ಹೋದರು. ಬಂದವರು ಒಂದು ಕ್ಷಣವೂ ಕಾಯಲಿಲ್ಲ, ಅರ್ಚಕರಿಗೂ ತೊಂದರೆಯಿಲ್ಲ. ಶನಿವಾರ ಸಂಜೆ ಜನ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಮಂಗಳಾರತಿ ಮಾಡುತ್ತ ಹೋದರೆ ಮುಗಿಯುವುದಿಲ್ಲ. "ಸ್ವಲ್ಪ ನಿಂತ್ಕೊಳಿ, ಹಿಂದೆ ಬರ್ತಿರೋರೂ ಬರ್ಲಿ" ಎಂದು ಹತ್ತು ಜನ ಕೂಡಿದ ಮೇಲೆ ಒಂದೇ ಮಂಗಳಾರತಿ. ಇನ್ನು ವೈಕುಂಠ ಏಕಾದಶಿ. ಬೆಳಗಿನ ಜಾವದಿಂದ ಸಾಲು ರಸ್ತೆಯಲ್ಲಿ ತಿರುಗಿ ತಿರುಗಿ ನಿಂತಿರುತ್ತದೆ. ಅಂಥ ದಿನಗಳಲ್ಲಿ ಕೆಲವು ದೇವಸ್ಥಾನಗಳಲ್ಲಿ ಗಂಟೆಯ ನಾಲಗೆಯನ್ನೇ ಬಟ್ಟೆಯಿಂದ ಕಟ್ಟಿಬಿಡುವುದುಂಟು. ಯಾರು ಬಂದರು ಎಂದು ಗಂಟೆ ಹೇಳಬೇಕಾದ ಅಗತ್ಯವೇ ಇಲ್ಲವಲ್ಲ! ಸಾಲು ಸಾಗುತ್ತಿರುತ್ತದೆ, ತೀರ್ಥದ ಉದ್ಧರಣೆ ಆಡುತ್ತಿರುತ್ತದೆ. ಸಾಲು ಕರಗಿದ ಮೇಲೆ ಬಟ್ಟೆ ಬಿಚ್ಚಿದರಾಯಿತು.

ಮೊಗಲ್ ಮತ್ತು ರಾಮಕೃಷ್ಣನ್ ಹೇಳಿದ್ದು ಈ ಮೂರನೆಯ ಏರ್ಪಾಡನ್ನು. ಮೊದಲ ಪ್ಯಾಕೆಟ್ ಬಂದಾಗ ಒಂದು ಇಂಟರಪ್ಟ್ ಸಾಕು. ಆ ಕೂಡಲೆ ಇಂಟರಪ್ಟ್ ಬಂದ್ ಮಾಡಿ, ಸಾಲಿನಲ್ಲಿರುವುದನ್ನು ನೀನೇ ಹೋಗಿ ಎತ್ತಿಕೋ. ಒಂದು ಸರದಿಗೆ ಇಷ್ಟೇ ಎಂಬ ಮಿತಿ ಇಟ್ಟುಕೋ, ಬೇರೆ ಕೆಲಸಕ್ಕೂ ಅವಕಾಶ ಕೊಡು. ಸಾಲು ಖಾಲಿಯಾದಾಗ ಇಂಟರಪ್ಟನ್ನು ಮತ್ತೆ ತೆರೆ. ಈ ದಾರಿಯನ್ನೇ ಮುಂದುವರಿಸಿ ಜಮಾಲ್ ಹಾದಿ ಸಲೀಮ್, ರಾಬರ್ಟ್ ಓಲ್ಸನ್, ಅಲೆಕ್ಸಿ ಕುಜ್ನೆಟ್ಸೊವ್ ಎಂಬ ಮೂವರು 2001ರಲ್ಲಿ ಲಿನಕ್ಸಿಗಾಗಿ 'ನಾಪಿ' ಎಂಬ ವ್ಯವಸ್ಥೆಯನ್ನು ಮುಂದಿಟ್ಟರು. ಒಂದು ಸರದಿಗೆ ಸಾಮಾನ್ಯವಾಗಿ 64 ಪ್ಯಾಕೆಟ್ಟುಗಳ ಮಿತಿ. ನನ್ನ ಲ್ಯಾಬಿನಲ್ಲಿ ಆ ಬೆಳಿಗ್ಗೆ ಇದು ಇದ್ದಿದ್ದರೆ ಸರ್ವರ್ ಕುಂಟುತ್ತಲಾದರೂ ಮಾತಾಡುತ್ತಿತ್ತು.

ಆದರೆ ದಿನದಿನವೂ ವೈಕುಂಠ ಏಕಾದಶಿ ಇರುವುದಿಲ್ಲ. ಕಂಪ್ಯೂಟರಿನ ಬಹುಪಾಲು ಹೊತ್ತು ಶನಿವಾರದ ಸಂಜೆಯಂಥದು: ಜನ ಬರುತ್ತಿದ್ದಾರೆ, ಸಾಲು ಕಟ್ಟುವಷ್ಟಿಲ್ಲ. ಈ ನಡುವಿನ ಸ್ಥಿತಿಗೆ ಇಂಟರಪ್ಟ್ ಮಾಡರೇಷನ್. ಇದು ಕಾರ್ಡಿನೊಳಗೇ ನಡೆಯುವ ಕೆಲಸ. ಪ್ಯಾಕೆಟ್ ಬಂದಾಗ ಕಾರ್ಡು ಅದನ್ನು ಪ್ರೊಸೆಸರಿನ ನೆರವಿಲ್ಲದೆ ನೇರವಾಗಿ ಮೆಮೊರಿಯಲ್ಲಿ ಸಾಲಾಗಿ ಇಳಿಸಿಬಿಡುತ್ತದೆ. ಗಂಟೆ ಬಾರಿಸುವುದನ್ನು ಮಾತ್ರ ತಡೆದುಕೊಳ್ಳುತ್ತದೆ. ಎಷ್ಟು ಹೊತ್ತು ತಡೆಯಬೇಕು ಎಂಬುದನ್ನು ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಮೈಕ್ರೊಸೆಕೆಂಡಿನಲ್ಲಿ ಹೇಳಿರುತ್ತದೆ. ಜೊತೆಗೆ ಇಷ್ಟು ಪ್ಯಾಕೆಟ್ ಕೂಡಿದರೆ ಹೊತ್ತಾಗದಿದ್ದರೂ ಬಾರಿಸು ಎಂದೂ ಹೇಳಬಹುದು. ನಮ್ಮ ಹಳ್ಳಿ ಕಡೆಯ ಖಾಸಗಿ ಬಸ್ಸು ಹತ್ತು ನಿಮಿಷಕ್ಕೋ ಸೀಟು ತುಂಬಿದಾಗಲೋ, ಯಾವುದು ಮೊದಲೋ ಆಗ ಹೊರಡುತ್ತದಲ್ಲ, ಹಾಗೆ.

ಇಲ್ಲಿ ಧರ್ಮಸಂಕಟವೊಂದಿದೆ. ತಡೆದು ತಡೆದು ಬಾರಿಸಿದರೆ ಪ್ರೊಸೆಸರಿಗೆ ನೆಮ್ಮದಿ, ಆದರೆ ಮೊದಲು ಬಂದ ಪ್ಯಾಕೆಟ್ ಸುಮ್ಮನೆ ನಿಂತಿರಬೇಕು. ದೊಡ್ಡ ಸಿನಿಮಾ ಫೈಲು ಇಳಿಸುವವರಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ಪ್ರಶ್ನೆ ಕೇಳಿ, ಉತ್ತರ ಪಡೆದು, ಆ ಉತ್ತರದ ಮೇಲೆ ಮುಂದಿನ ಪ್ರಶ್ನೆ ಕೇಳುವ ಕೆಲಸಗಳಿವೆ. ಡೇಟಾಬೇಸಿನ ಜೊತೆ ಸಾವಿರ ಸಣ್ಣ ಸವಾಲು-ಜವಾಬು ಒಂದರ ಹಿಂದೆ ಒಂದು ನಡೆಯಬೇಕಾದರೆ, ಪ್ರತಿ ಉತ್ತರವೂ 250 ಮೈಕ್ರೊಸೆಕೆಂಡ್ ಬಾಗಿಲಲ್ಲಿ ಕಾದರೆ, ಕಾಲು ಸೆಕೆಂಡು ಬರೀ ಕಾಯುವುದರಲ್ಲೇ ಹೋಯಿತು. ಆ ತುದಿಯ ಯಂತ್ರವೂ ಹಾಗೇ ಕಾಯಿಸಿದರೆ ಅರ್ಧ ಸೆಕೆಂಡು. ಹಾಗೆಂದು ಕಾಯುವುದನ್ನೇ ತೆಗೆದುಹಾಕಿದರೆ ಫೈಲು ಇಳಿಸುವ ಹೊತ್ತಿನಲ್ಲಿ ಗಂಟೆಯ ಮೇಲೆ ಗಂಟೆ. ಇಂಥ ಒಂದು ಅಂಕಿ ಎಲ್ಲರಿಗೂ ಎಲ್ಲ ಹೊತ್ತಿಗೂ ಸರಿಹೋಗುತ್ತದೆ ಎಂದು ಯಾವ ಎಂಜಿನಿಯರೂ ಹೇಳಲಾರ.

ಅಡಾಪ್ಟಿವ್ ಎಂಬ ಮಾತು ಬರುವುದು ಇಲ್ಲಿ. ಕಾಯುವ ಹೊತ್ತನ್ನು ಗಟ್ಟಿಯಾಗಿ ನಿಗದಿ ಮಾಡದೆ, ಬರುತ್ತಿರುವುದನ್ನು ನೋಡಿ ಬದಲಿಸುತ್ತ ಹೋಗುವುದು. ಇಂಟೆಲ್‌ನ ಹಳೆಯ ಗಿಗಾಬಿಟ್ ಕಾರ್ಡುಗಳ ಲಿನಕ್ಸ್ ಡ್ರೈವರ್ ಇದನ್ನು ಸರಳವಾಗಿ ಮಾಡುತ್ತಿತ್ತು. ಬರುವ ಪ್ಯಾಕೆಟ್ಟುಗಳ ಸಂಖ್ಯೆ ಮತ್ತು ಗಾತ್ರ ನೋಡಿ ಮೂರು ವರ್ಗ: ದೊಡ್ಡ ರಾಶಿ, ತುಸು ಅವಸರ, ತೀರಾ ಅವಸರ. ದೊಡ್ಡ ರಾಶಿಯಾದರೆ ಸೆಕೆಂಡಿಗೆ 4,000 ಇಂಟರಪ್ಟ್ ಮೀರದಂತೆ ಹಿಡಿತ. ಅವಸರದ್ದಾದರೆ ಮೆಟ್ಟಿಲು ಮೆಟ್ಟಿಲಾಗಿ 20,000ದವರೆಗೆ ಬಿಡುವು. ನೂರಾರು ಯಂತ್ರಗಳನ್ನು ಜೋಡಿಸಿ ಒಂದೇ ಗಣಿತ ಬಿಡಿಸುವಂಥ ಕಡೆ ಬೇಕೆಂದು ಹೇಳಿದರೆ 70,000ದವರೆಗೂ. ತುಂಬಿದ ಗಿಗಾಬಿಟ್ ತಂತಿಯಲ್ಲಿ 81,000 ಗಂಟೆಯ ಬದಲು 4,000 ಎಂದರೆ ಒಂದೊಂದು ಗಂಟೆಗೆ ಇಪ್ಪತ್ತು ಪ್ಯಾಕೆಟ್. ಇಪ್ಪತ್ತು ಜನಕ್ಕೆ ಒಂದು ಮಂಗಳಾರತಿ.

ಈಚಿನ ವಿಧಾನ ಇನ್ನೂ ಸೊಗಸು. ಇಸ್ರೇಲಿನ ಮೆಲನಾಕ್ಸ್ ಕಂಪನಿಯ ಕಾರ್ಡಿನ ಡ್ರೈವರಿನಲ್ಲಿದ್ದ ಒಂದು ಯುಕ್ತಿಯನ್ನು 2018ರಲ್ಲಿ ಬೇರೆ ಡ್ರೈವರುಗಳೂ ಬಳಸಿಕೊಳ್ಳುವಂತೆ ಲಿನಕ್ಸಿನಲ್ಲಿ ಸಾರ್ವಜನಿಕ ಮಾಡಿದರು. ಅದರ ಹೆಸರು 'ಡಿಮ್', ಅಂದರೆ ಡೈನಮಿಕ್ ಇಂಟರಪ್ಟ್ ಮಾಡರೇಷನ್. ನಾನು ಆ ಸಾಲುಗಳನ್ನು ಓದಿದ ರಾತ್ರಿ ಮನೆಯವರಿಗೂ ಓದಿ ಹೇಳಿದ್ದೆ, ಅಷ್ಟು ಖುಷಿಯಾಗಿತ್ತು. ಅದರಲ್ಲಿ ಐದು ಮೆಟ್ಟಿಲುಗಳಿವೆ. ಒಂದು ಪಟ್ಟಿಯಲ್ಲಿ ಆ ಮೆಟ್ಟಿಲುಗಳು 1, 8, 64, 128 ಮತ್ತು 256 ಮೈಕ್ರೊಸೆಕೆಂಡ್. ಡ್ರೈವರ್ ಒಂದು ಮೆಟ್ಟಿಲ ಮೇಲೆ ನಿಂತು 64 ಇಂಟರಪ್ಟುಗಳಷ್ಟು ಹೊತ್ತು ಸುಮ್ಮನೆ ಗಮನಿಸುತ್ತದೆ. ಎಷ್ಟು ಬೈಟ್ ಬಂತು, ಎಷ್ಟು ಪ್ಯಾಕೆಟ್ ಬಂತು, ಎಷ್ಟು ಸಲ ಗಂಟೆಯಾಯಿತು. ಆಮೇಲೆ ಪಕ್ಕದ ಮೆಟ್ಟಿಲಿಗೆ ಹೋಗಿ ಮತ್ತೆ ಅಷ್ಟೇ ಹೊತ್ತು ಗಮನಿಸುತ್ತದೆ. ಮೊದಲು ಬೈಟುಗಳನ್ನು ಹೋಲಿಸುತ್ತದೆ; ಅವು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಪ್ಯಾಕೆಟ್ಟುಗಳನ್ನು; ಅವೂ ಒಂದೇ ಆಗಿದ್ದರೆ ಯಾವುದರಲ್ಲಿ ಗಂಟೆ ಕಡಿಮೆಯಾಯಿತೋ ಅದು ಮೇಲು. ನೂರಕ್ಕೆ ಹತ್ತರೊಳಗಿನ ವ್ಯತ್ಯಾಸವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸುಧಾರಿಸಿದರೆ ಅದೇ ದಿಕ್ಕಿನಲ್ಲಿ ಇನ್ನೊಂದು ಹೆಜ್ಜೆ, ಕೆಟ್ಟರೆ ಹಿಂದಕ್ಕೆ. ಒಳ್ಳೆಯ ಮೆಟ್ಟಿಲು ಸಿಕ್ಕಿತೆನಿಸಿದರೆ ಅಲ್ಲೇ ನಿಲ್ಲುತ್ತದೆ, ಸಂಚಾರ ಬದಲಾದಾಗ ಮತ್ತೆ ಹೊರಡುತ್ತದೆ. ಸುಮ್ಮನೆ ಅತ್ತಿಂದಿತ್ತ ಅಲೆದಾಡಿ ಪ್ರಯೋಜನವಾಗದಿದ್ದರೆ ಸ್ವಲ್ಪ ಹೊತ್ತು ಕೂರುತ್ತದೆ. ಆ ಸ್ಥಿತಿಗೆ ಪ್ರೋಗ್ರಾಮಿನಲ್ಲೇ 'ದಣಿದು ನಿಂತದ್ದು' ಎಂಬರ್ಥದ ಹೆಸರಿದೆ. ಕತ್ತಲಲ್ಲಿ ಬೆಟ್ಟ ಹತ್ತುವವನು ಕಾಲಿನಿಂದ ನೆಲ ತಡವುತ್ತ ಎತ್ತರದ ಕಡೆ ಹೆಜ್ಜೆ ಇಡುವ ಹಾಗೆ. ಅದಕ್ಕೆ ಇಡೀ ಬೆಟ್ಟದ ನಕ್ಷೆ ಬೇಕಿಲ್ಲ.

ಈ ಮೈಕ್ರೊಸೆಕೆಂಡುಗಳು ನಮ್ಮ ಅನುಭವಕ್ಕೆ ಬರುವಂಥವಲ್ಲ. ನಾನು ಅವನ್ನು ದೂರಕ್ಕೆ ತಿರುಗಿಸಿ ನೋಡುತ್ತೇನೆ. ಗಾಜಿನ ಎಳೆಯಲ್ಲಿ, ಅಂದರೆ ಫೈಬರಿನಲ್ಲಿ, ಬೆಳಕು ಒಂದು ಮೈಕ್ರೊಸೆಕೆಂಡಿಗೆ ಸುಮಾರು 200 ಮೀಟರ್ ಹೋಗುತ್ತದೆ. ಹಾಗಾದರೆ ಡಿಮ್‌ನ ಮೊದಲ ಮೆಟ್ಟಿಲು ನಮ್ಮ ಮನೆಯಿಂದ ದೇವಸ್ಥಾನದಷ್ಟು ದೂರ. ಎರಡನೆಯದು ಒಂದೂವರೆ ಕಿಲೋಮೀಟರಿನ ಸುಮಾರು, ಇಲ್ಲಿಂದ ರೈಲು ನಿಲ್ದಾಣದ ಕಡೆಗೆ ಒಂದು ನಡಿಗೆ. ಮೂರನೆಯದು ಹದಿಮೂರು ಕಿಲೋಮೀಟರ್, ಶ್ರೀರಂಗಪಟ್ಟಣ ಹತ್ತಿರ ಬಂತು. ನಾಲ್ಕನೆಯದು ಪಾಂಡವಪುರದ ಆಸುಪಾಸು. ಕೊನೆಯದಾದ 256 ಮೈಕ್ರೊಸೆಕೆಂಡ್ ಎಂದರೆ ಐವತ್ತು ಕಿಲೋಮೀಟರ್, ಮಂಡ್ಯ ದಾಟಿದಂತೆ. ಅಂದರೆ ಅತಿ ಹೆಚ್ಚು ಕಾಯಿಸಿದಾಗಲೂ ಮೀಟಿಂಗಿನ ಆ ತುದಿಯವರು ನಿಮ್ಮಿಂದ ಮಂಡ್ಯದಷ್ಟು ದೂರ ಹೋದ ಹಾಗೆ, ಅಷ್ಟೇ. ಬೆಂಗಳೂರಿನ ಜೊತೆ, ಸಿಂಗಪುರದ ಜೊತೆ, ಅಮೆರಿಕದ ಜೊತೆ ಮಾತಾಡುವ ಕರೆಗೆ ಮಂಡ್ಯದಷ್ಟು ದೂರ ಕೂಡಿದರೆ ಯಾರಿಗೆ ತಿಳಿದೀತು?

ಮಾತಿನ ವಿಷಯ ಬಂದದ್ದರಿಂದ ಒಂದು ನೆನಪು. ನಾವಿರುವ ಈ ಪ್ರದೇಶದಲ್ಲೇ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ 'ವಿಠ್ಠಲ ವಿಹಾರ' ಮನೆಯಿಂದ ರೇಡಿಯೊ ಪ್ರಸಾರ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಬೆಳೆದದ್ದು ಅಲ್ಲಿಂದ. ಆ ಧ್ವನಿ ನೀರಿನ ಧಾರೆಯಂತೆ ತುಂಡಾಗದೆ ಹೋಗುತ್ತಿತ್ತು. ಇಂದು ನಮ್ಮ ಧ್ವನಿಯನ್ನು ಕಂಪ್ಯೂಟರ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಸೆಕೆಂಡಿಗೆ 50 ಪ್ಯಾಕೆಟ್ಟುಗಳಾಗಿ ಕಳಿಸುತ್ತದೆ. ಆ ತುದಿಯಲ್ಲಿ ಅವನ್ನು ಹೊಲಿದು ಮತ್ತೆ ಮಾತು ಮಾಡುತ್ತಾರೆ. ತುಣುಕುಗಳು ಹಿಂದುಮುಂದಾಗಿ ಬರಬಹುದೆಂದು ಹತ್ತಾರು ಮಿಲಿಸೆಕೆಂಡುಗಳಷ್ಟು ಸಡಿಲವನ್ನೂ ಇಟ್ಟುಕೊಂಡಿರುತ್ತಾರೆ. ಒಂದು ತುಣುಕು 20 ಮಿಲಿಸೆಕೆಂಡ್, ಮಾಡರೇಷನ್ ಕಾಯಿಸುವುದು ಹೆಚ್ಚೆಂದರೆ ಕಾಲು ಮಿಲಿಸೆಕೆಂಡ್. ಮಾತು ಕತ್ತರಿಸುವಷ್ಟು ಬಲ ಅದಕ್ಕಿಲ್ಲ.

ಹಾಗಾದರೆ ಆಫ್ ಮಾಡುವುದು ಎಲ್ಲಿಯೂ ಸರಿಯಲ್ಲವೇ ಎಂದರೆ, ಸರಿಯಾಗುವ ಕಡೆಯೂ ಇದೆ. ಷೇರು ವಿನಿಮಯ ಕೇಂದ್ರದ ಪಕ್ಕದಲ್ಲೇ ಯಂತ್ರವಿಟ್ಟು ಮೈಕ್ರೊಸೆಕೆಂಡಿಗೂ ಬೆಲೆ ಕಟ್ಟುವವರು ಮಾಡರೇಷನ್ ಆಫ್ ಮಾಡುತ್ತಾರೆ. ಅದಕ್ಕೂ ಮುಂದೆ ಹೋಗಿ, ಗಂಟೆಯನ್ನೇ ನೆಚ್ಚದೆ ಒಂದು ಪ್ರೊಸೆಸರ್ ಕೋರನ್ನು ಬಾಗಿಲಲ್ಲೇ ನಿಲ್ಲಿಸಿ ಸತತವಾಗಿ ನೋಡಿಸುತ್ತಾರೆ. ಅದಕ್ಕೆ ತಕ್ಕ ಯಂತ್ರ, ತಕ್ಕ ಖರ್ಚು ಅವರಿಗಿದೆ. ಹಂಚಿಕೆಯ ಸಂಗ್ರಹಾಗಾರಗಳಲ್ಲಿ, ಲೆಕ್ಕದ ಪ್ರಯೋಗಾಲಯಗಳಲ್ಲಿಯೂ ಅಳೆದು ನೋಡಿ ಒಂದು ಅಂಕಿಗೆ ಕಟ್ಟಿಹಾಕುವುದುಂಟು. ಅಡಾಪ್ಟಿವ್ ವಿಧಾನಕ್ಕೂ ಕೊರತೆಗಳಿವೆ. ಗಮನಿಸಿ ಕಲಿಯುವುದಕ್ಕೆ ಅದಕ್ಕೆ ಹೊತ್ತು ಬೇಕು. ಸಂಚಾರ ಥಟ್ಟನೆ ಬದಲಾದರೆ ಕೆಲವು ಹೆಜ್ಜೆ ತಪ್ಪಾಗಿ ಇಡುತ್ತದೆ. ಒಂದೇ ಸಾಲಿನಲ್ಲಿ ದೊಡ್ಡ ಫೈಲಿನ ಪ್ಯಾಕೆಟ್ಟುಗಳ ನಡುವೆ ಅವಸರದ ಒಂದು ಪ್ಯಾಕೆಟ್ ಸಿಕ್ಕಿಕೊಂಡರೆ ಅದೂ ಗುಂಪಿನ ಜೊತೆಗೇ ಕಾಯಬೇಕಾಗುತ್ತದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಆಫ್ ಮಾಡಿದರೆ ಸಿಗುವುದು ಕಣ್ಣಿಗೆ ಕಾಣದ ಲಾಭ. ತೆರಬೇಕಾದದ್ದು ಮಾತ್ರ ಕಾಣುತ್ತದೆ. ಕೇಬಲ್ಲಿನಲ್ಲಿ ದೊಡ್ಡ ಫೈಲು ವರ್ಗಾಯಿಸುವಾಗ ಫ್ಯಾನಿನ ಸದ್ದು ಏರುತ್ತದೆ, ಮೈ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಪ್ರೊಸೆಸರ್ ನಡುನಡುವೆ ತೂಕಡಿಸಿ ಕರೆಂಟ್ ಉಳಿಸುವಂತೆ ಮಾಡಿರುತ್ತಾರೆ. ಗಂಟೆ ನಿಲ್ಲದಿದ್ದರೆ ನಿದ್ದೆ ಎಲ್ಲಿಂದ ಬರಬೇಕು? ಹಳೆಯ ಯಂತ್ರಗಳಲ್ಲಂತೂ ನಾನು ಇದನ್ನು ಎರಡು ಕಂಪ್ಯೂಟರುಗಳ ನಡುವೆ ಕೇಬಲ್ ಎಳೆದು, ಲಿನಕ್ಸಿನ 'ಇಥ್‌ಟೂಲ್' ಎಂಬ ಸಲಕರಣೆಯಿಂದ ಆನ್, ಆಫ್ ಮಾಡಿ ನೋಡಿದ್ದೇನೆ. ಆಫ್ ಮಾಡಿದಾಗ ಇಂಟರಪ್ಟಿನ ಎಣಿಕೆ ಓಡುವ ವೇಗಕ್ಕೆ ಪರದೆಯ ಮೇಲಿನ ಕೊನೆಯ ಅಂಕಿಗಳನ್ನು ಓದಲಾಗುವುದಿಲ್ಲ.

ಎದುರುಮನೆಯ ಹುಡುಗನ ಲ್ಯಾಪ್‌ಟಾಪ್ ತೆರೆಸಿದೆ. ಅವನು ಆಫ್ ಮಾಡಿದ್ದು ಕೇಬಲ್ ಹಾಕುವ ಕಾರ್ಡಿನ ಮಾಡರೇಷನ್. "ಕೇಬಲ್ ಹಾಕ್ತೀಯೇನಪ್ಪ?" ಎಂದೆ. "ಇಲ್ಲ ಸಾರ್, ಯಾವಾಗ್ಲೂ ವೈಫೈನೇ" ಎಂದ. ಕೊಂಡಂದಿನಿಂದ ಆ ಕಿಂಡಿಗೆ ಒಂದು ಕೇಬಲ್ ಸಿಕ್ಕಿಸಿಯೇ ಇರಲಿಲ್ಲ. ಮನೆಗೆ ಹೋಗಿ ನೋಡಿದರೆ ರೂಟರ್ ನಡುಮನೆಯ ಉಕ್ಕಿನ ಬೀರುವಿನ ಹಿಂದೆ, ನೆಲದ ಮೇಲೆ. ಅವನು ಕೂರುವುದು ಮಹಡಿಯ ಕೋಣೆಯಲ್ಲಿ. ಅವನ ತಾಯಿ, "ಅಲ್ಲಿದ್ರೆ ಕಣ್ಣಿಗೆ ಬೀಳಲ್ಲ ಅಂತ ಇಟ್ಟಿದ್ದು ಸಾರ್" ಎಂದರು. ಮೊದಲು ಇಪ್ಪತ್ತು ಮೀಟರ್ ಕೇಬಲ್ ತಂದು ಮಹಡಿಗೆ ಎಳೆದು ಮೀಟಿಂಗ್ ಮಾಡಿಸಿದೆವು. ಮಾತು ಒಮ್ಮೆಯೂ ಕಡಿಯಲಿಲ್ಲ. ಆಮೇಲೆ ರೂಟರನ್ನು ಮೆಟ್ಟಿಲ ತಿರುವಿನ ಗೋಡೆಗೆ ಎತ್ತರದಲ್ಲಿ ಕೂರಿಸಿದರು. ಕೇಬಲ್ ತೆಗೆದ ಮೇಲೂ ಮಾತು ಚೆನ್ನಾಗಿಯೇ ಹೋಗುತ್ತಿದೆ.

ನಿಮ್ಮಲ್ಲೂ ಕರೆ ಕಡಿಯುತ್ತಿದ್ದರೆ ಮೊದಲು ಒಂದು ಕೇಬಲ್ ಹಾಕಿ ನೋಡಿ. ಕೇಬಲ್ಲಿನಲ್ಲಿ ಸರಿಹೋದರೆ ದೋಷ ವೈಫೈನದು: ರೂಟರಿನ ಜಾಗ ಬದಲಿಸಿ. ಕೇಬಲ್ಲಿನಲ್ಲೂ ಕಡಿದರೆ ಲೈನಿನವರನ್ನು ಕರೆಸಿ. ಇಂಟರಪ್ಟ್ ಮಾಡರೇಷನ್ 'ಅಡಾಪ್ಟಿವ್' ಎಂದಿದ್ದರೆ ಅದನ್ನು ಮುಟ್ಟಬೇಡಿ. ಯಾರದೋ ಮಾತು ಕೇಳಿ ಈಗಾಗಲೇ ಆಫ್ ಮಾಡಿದ್ದರೆ ದಯವಿಟ್ಟು ಇವತ್ತೇ ಮತ್ತೆ ಆನ್ ಮಾಡಿ.